ಅಪ್ಪನ ರುಜು

"ಏನೂ ಇಲ್ಲ ಮೇಡಂ," ಎನ್ನುತ್ತಾ ಟೈ ಕಟ್ಟಿದ ಬ್ಯಾಂಕಿನ ಹುಡುಗ ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ಅರ್ಧ ತಿರುಗಿಸಿದ. "ಬೇಕಾದ್ರೆ ನೀವೇ ನೋಡಿ. ಖಾಲಿ."

ಅವಳು ಬಗ್ಗಿ ನೋಡಿದಳು. ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ ಎಲ್ಲ ಸರಿಯಾಗಿದ್ದವು. ಕೆಳಗೆ ಸಾಲದ ಸ್ಕೋರಿನ ಅಂಕಿ ಇರಬೇಕಾದ ಜಾಗದಲ್ಲಿ ಒಂದು ಸಣ್ಣ ಅಡ್ಡಗೆರೆ ಮಾತ್ರ ಇತ್ತು.

"ಏನೂ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ? ಯಾರಿಗೂ ಬಾಕಿ ಇಲ್ಲ ಅಂತ ತಾನೇ?"

"ಬಾಕಿ ಇಲ್ಲ ಅಂತಲ್ಲ ಮೇಡಂ. ನೀವೇ ಇಲ್ಲ ಅಂತ." ತನ್ನ ಮಾತಿಗೆ ತಾನೇ ನಕ್ಕ. ಅವನ ಮುಂದಿನ ಹಲ್ಲುಗಳಲ್ಲಿ ಒಂದು ಕಟ್ಟಿಸಿದ್ದು. ಪಕ್ಕದ ಹಲ್ಲಿಗಿಂತ ಒಂದು ಛಾಯೆ ಬಿಳುಪು ಹೆಚ್ಚು. ಯಾರೋ ಅವಸರದಲ್ಲಿ ಬಣ್ಣ ಹೊಂದಿಸಿದ್ದಾರೆ ಎಂದು ಅವಳಿಗೆ ಅನ್ನಿಸಿತು. "ನೀವು ಒಂದು ಸಲ ಸಾಲ ತಗೊಂಡಿದ್ರೆ ತಾನೇ, ತೀರಿಸೋ ಪೈಕಿಯೋ ಅಲ್ವೋ ಅಂತ ನಮಗೆ ಗೊತ್ತಾಗೋದು?"

"ನೀವು ಕೊಟ್ರೆ ತಾನೇ ನಾನು ತೀರಿಸೋದು?"

"ಕೊಡೋಕೆ ಹಿಸ್ಟರಿ ಬೇಕು."

ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಹುಡುಗನಿಗೆ ಅವಳದೇ ವಯಸ್ಸಿರಬಹುದು. ಕೆಲಸಕ್ಕೆ ಸೇರಿ ಬಹಳ ದಿನವಾಗಿಲ್ಲವೆಂದು ಟೈಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುವುದರಲ್ಲೇ ತಿಳಿಯುತ್ತಿತ್ತು. ಕೆಟ್ಟವನಲ್ಲ. ಮನೆಯಲ್ಲಿ ಬೇರೆ ಯಾರಾದರೂ ಸಾಲ ಮಾಡಿದವರು ಇದ್ದಾರೆಯೇ, ತಂದೆಯವರ ಕ್ರೆಡಿಟ್ ಕಾರ್ಡಿಗೆ ಅವಳ ಹೆಸರನ್ನೂ ಸೇರಿಸಬಹುದಲ್ಲ ಎಂದು ಕೇಳಿದ.

"ಅಪ್ಪ ಸಾಲ ಮಾಡಿಲ್ಲ."

"ಈಗ ಇಲ್ದಿದ್ರೂ ಪರವಾಗಿಲ್ಲ, ಹಿಂದೆ ಯಾವಾಗಾದ್ರೂ?"

"ಯಾವಾಗಲೂ ಇಲ್ಲ."

ವಾಸಿಯಾಗದ ಕಾಯಿಲೆಯ ಹೆಸರು ಕೇಳಿದವನಂತೆ ಹುಡುಗ ತುಟಿ ಒತ್ತಿ ತಲೆ ಆಡಿಸಿದ. ಆಮೇಲೆ ಕೀಲಿಗಳನ್ನು ಏನೇನೋ ಒತ್ತಿ, "ಹಾಂ, ಒಂದು ದಾರಿ ಇದೆ," ಎಂದ. ಅವಳ ಹೆಸರಿನಲ್ಲಿ ಒಂದು ಡಿಪಾಸಿಟ್ ಇದೆ. ಅದನ್ನು ಬ್ಯಾಂಕಿಗೆ ಒತ್ತೆಯಿಟ್ಟರೆ ಅದರ ಮೇಲೆ ಕಾರ್ಡು ಸಿಗುತ್ತದೆ. ಒಂದು ವರ್ಷ ಬಳಸಬೇಕು, ಗಡುವು ತಪ್ಪದೆ ಕಟ್ಟಬೇಕು. "ಆಮೇಲೆ ನೋಡಿ, ಎಲ್ಲರೂ ನಿಮ್ಮನ್ನ ಹುಡುಕ್ಕೊಂಡು ಬರ್ತಾರೆ. ಬೇಡ ಬೇಡ ಅಂದ್ರೂ ಬಿಡಲ್ಲ."

"ನನ್ನ ದುಡ್ಡು ಒತ್ತೆ ಇಟ್ಟು, ನನ್ನ ದುಡ್ಡನ್ನೇ ಸಾಲ ತಗೊಂಡು, ನಾನೇ ತೀರಿಸೋದು."

"ಹಾಗೂ ಅನ್ನಬಹುದು." ಅವನು ಮತ್ತೆ ನಕ್ಕ. ಒಂದು ಕಾಗದ ಅಚ್ಚು ಹಾಕಿ ಅವಳ ಮುಂದೆ ಇಟ್ಟ. "ಆದರೆ ಡಿಪಾಸಿಟ್‌ನಲ್ಲಿ ಮೊದಲ ಹೆಸರು ನಿಮ್ಮ ತಂದೆಯವರದು. ಇಲ್ಲಿ ಅವರ ರುಜು ಬೇಕು."

ಮೊದಲ ಸಂಬಳ ಬಂದಾಗ ಅಪ್ಪನೇ ಅವಳನ್ನು ಈ ಬ್ಯಾಂಕಿಗೆ ಕರೆತಂದಿದ್ದ. ಇಬ್ಬರ ಹೆಸರಿರಲಿ, ನಿನಗೆ ತಿಳಿಯೋದಿಲ್ಲ ಎಂದಿದ್ದ. ಅವಳು ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ಆ ಚೀಲವೂ ಅಪ್ಪ ಹೊಲಿದದ್ದೇ.

ಅವಳು ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಲ್ಯಾಬ್ ಎಂದರೆ ಒಬ್ಬ ದಂತವೈದ್ಯೆಯ ಕ್ಲಿನಿಕ್ಕಿನ ಹಿಂದಿನ ಒಂದು ಉದ್ದನೆಯ ಕೋಣೆ. ಒಂದೇ ಕಿಟಕಿ, ಅದರ ಕೆಳಗೆ ಕೆಲಸದ ಮೇಜು. ಗೋಡೆಯ ಹಲಗೆಗಳ ಮೇಲೆ ಊರಿನವರ ದವಡೆಗಳೆಲ್ಲ ಪ್ಲಾಸ್ಟರಿನಲ್ಲಿ ಸಾಲಾಗಿ ಬಾಯಿ ತೆರೆದು ಕುಳಿತಿದ್ದವು. ಮೇಣ ಕರಗಿಸುವ ದೀಪದ ವಾಸನೆ ಕೂದಲಿಗೆ ಹತ್ತಿದರೆ ತಲೆಗೆ ನೀರು ಹಾಕಿಕೊಳ್ಳುವ ತನಕ ಬಿಡುತ್ತಿರಲಿಲ್ಲ. ಲ್ಯಾಬನ್ನು ಕಟ್ಟಿ ಅವಳಿಗೆ ಕೆಲಸ ಕಲಿಸಿದವರು ಎಲ್ಲರ ಬಾಯಲ್ಲೂ ಮೇಷ್ಟ್ರು. ವೈದ್ಯೆ ಕೂಡ ಅವರನ್ನು ಹಾಗೇ ಕರೆಯುತ್ತಿದ್ದಳು.

ಮೇಷ್ಟ್ರ ಕೈ ನಡುಗಲು ಶುರುವಾಗಿ ಬಹಳ ಕಾಲವಾಗಿತ್ತು. ಮೊದಮೊದಲು ಚಹಾದ ಲೋಟದಲ್ಲಿ, ಆಮೇಲೆ ಮೇಣದ ಚಾಕುವಿನಲ್ಲಿ. ಒಂದು ದಿನ ಅರ್ಧ ಮುಗಿದ ಹಲ್ಲಿನ ಸೆಟ್ಟನ್ನು ಅವಳ ಮುಂದೆ ಸರಿಸಿ, "ಇನ್ನೊಬ್ಬರ ನಗು ನಾನು ಯಾಕಮ್ಮ ಸೊಟ್ಟ ಮಾಡ್ಲಿ? ನೀನು ನಡೆಸ್ಕೊಂಡು ಹೋಗು," ಎಂದರು. ಮೇಜು, ಸಲಕರಣೆ, ವೈದ್ಯೆಯ ಕೆಲಸ ಎಲ್ಲ ಬಿಟ್ಟುಕೊಡುತ್ತೇನೆ, ದುಡ್ಡು ನಿಧಾನವಾಗಿ ಕೊಡು ಎಂದರು. ಆದರೆ ಪಿಂಗಾಣಿ ಹಲ್ಲು ಸುಡುವ ಕುಲುಮೆ ಹಳೆಯದಾಗಿ ಹೋಗಿತ್ತು. ಶಾಖ ತನಗೆ ತೋಚಿದಂತೆ ಏರುತ್ತಿತ್ತು, ಹಲ್ಲುಗಳು ಒಳಗೇ ಬಿರಿಯುತ್ತಿದ್ದವು. ಹೊಸ ಕುಲುಮೆ ಬಾರದಿದ್ದರೆ ಕೆಲಸ ಬೇರೆಡೆಗೆ ಕಳಿಸುತ್ತೇನೆಂದು ವೈದ್ಯೆ ನಗುತ್ತಲೇ ಹೇಳಿದ್ದಳು. ಬ್ಯಾಂಕಿನಲ್ಲಿದ್ದ ಡಿಪಾಸಿಟ್ ಅಷ್ಟನ್ನೂ ಸುರಿದರೂ ಆ ಕುಲುಮೆಯ ಬಾಗಿಲು ಬರುತ್ತಿರಲಿಲ್ಲ. ಕುಲುಮೆಯ ಕಂಪನಿಯವರು ಕಂತಿನ ಮೇಲೆ ಕೊಡುತ್ತಿದ್ದರು, ಒಂದು ವರ್ಷದ ಒಳ್ಳೆಯ ಹಿಸ್ಟರಿ ಇದ್ದವರಿಗೆ.

ಬ್ಯಾಂಕಿನಲ್ಲಿ ನಡೆದದ್ದನ್ನು ಅವಳು ಹೇಳಿದಾಗ ಮೇಷ್ಟ್ರು ಕೆಮ್ಮು ಬರುವಷ್ಟು ನಕ್ಕರು. "ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ! ಹೋಗ್ಲಿ ಬಿಡು. ಒಂದು ವರ್ಷ ತಾನೇ, ಈ ಕೈ ಅಷ್ಟು ದಿನ ಹೇಗೋ ಕಾಯುತ್ತೆ. ಅಪ್ಪನ ಹತ್ರ ರುಜು ಹಾಕಿಸ್ಕೊಂಡು ಬಾ."

ಮೇಷ್ಟ್ರಿಗೆ ಅಪ್ಪ ಗೊತ್ತಿರಲಿಲ್ಲ.

ಅಪ್ಪನದು ಚೀಲ, ಸೂಟ್‌ಕೇಸು ರಿಪೇರಿಯ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಳಗೆ ಕಾಲಿಟ್ಟರೆ ಹರಿದ ಜಿಪ್ಪುಗಳು, ಹಿಡಿ ಕಳಚಿದ ಪೆಟ್ಟಿಗೆಗಳು, ರೆಕ್ಸಿನ್ನಿನ ಸುರುಳಿಗಳು. ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿ 'ಇವತ್ತು ನಗದು, ನಾಳೆ ಉದ್ರಿ' ಎಂಬ ಬೋರ್ಡು. ಗಿರಾಕಿಗಳು, "ಹಾಗಾದ್ರೆ ನಾಳೆ ಬರ್ತೀನಿ ಬಿಡಿ," ಎಂದು ತಮಾಷೆ ಮಾಡುತ್ತಿದ್ದರು. "ಬನ್ನಿ, ನಾಳೆನೂ ಬೋರ್ಡು ಇಲ್ಲೇ ಇರುತ್ತೆ," ಎಂದು ಅಪ್ಪ ತಲೆ ಎತ್ತದೆ ಹೇಳುತ್ತಿದ್ದ. ಉದ್ರಿ ಕೊಡುತ್ತಿರಲಿಲ್ಲ, ತರುತ್ತಲೂ ಇರಲಿಲ್ಲ. ದಾರದ ಅಂಗಡಿಯಲ್ಲಿ ಒಂದು ನಾಣ್ಯ ಕಡಿಮೆ ಬಿದ್ದರೆ ಬಿಸಿಲಲ್ಲಿ ಮನೆಗೆ ಬಂದು, ತೆಗೆದುಕೊಂಡು, ಮತ್ತೆ ಹೋಗಿ ಕೊಟ್ಟು ಬರುವವನು. ಅಮ್ಮ ಹೇಳುತ್ತಿದ್ದಳು: "ನಿಮ್ಮಪ್ಪ ಉಸಿರನ್ನೂ ಎಳ್ಕೊಂಡಷ್ಟೇ ಬಿಡೋದು. ಒಂಚೂರು ಒಳಗೆ ಉಳಿದ್ರೆ ಗಾಳಿಗೆ ಬಾಕಿ ಆಗುತ್ತಲ್ಲ!"

ನಗುತ್ತಲೇ ಹೇಳುತ್ತಿದ್ದರೂ ಅದರ ಹಿಂದಿನದು ನಗುವ ಮಾತಾಗಿರಲಿಲ್ಲ. ಅಪ್ಪ ಹುಡುಗನಾಗಿದ್ದಾಗ ತಾತ ಸ್ನೇಹಿತನೊಬ್ಬನ ಸಾಲಕ್ಕೆ ಜಾಮೀನು ರುಜು ಹಾಕಿದ್ದ. ಸ್ನೇಹಿತ ಊರು ಬಿಟ್ಟ. ಮನೆಗೆ ಬಂದವರು ಒಂದೊಂದೇ ಸಾಮಾನು ಹೊರಗೆ ಸಾಗಿಸಿ, ಕೊನೆಗೆ ಜ್ವರದಲ್ಲಿ ಮಲಗಿದ್ದ ಅಜ್ಜಿಯನ್ನು ಹಾಸಿಗೆ ಸಮೇತ ನೆಲಕ್ಕಿಳಿಸಿ ಮಂಚವನ್ನು ಒಯ್ದಿದ್ದರು. ಅಪ್ಪ ಅದನ್ನು ಮಗಳಿಗೆ ಒಂದೇ ಒಂದು ಸಲ ಹೇಳಿದ್ದ, ಚಿಕ್ಕಪ್ಪ ಬಂದು ಹೋದ ದಿನ. ಚಿಕ್ಕಪ್ಪ ಒಂದು ವ್ಯಾನ್ ಕೊಳ್ಳಬೇಕೆಂದು, ಅಣ್ಣನ ಜಾಮೀನು ಬೇಕೆಂದು ಅಂಗಡಿಯ ಬಾಗಿಲಲ್ಲಿ ನಿಂತಿದ್ದ. "ನನ್ನ ಹತ್ರ ಇರೋದೆಲ್ಲ ತಗೊಂಡು ಹೋಗು, ವಾಪಸ್ ಕೊಡಬೇಡ. ರುಜು ಮಾತ್ರ ಕೇಳಬೇಡ," ಎಂದಿದ್ದ ಅಪ್ಪ. ಚಿಕ್ಕಪ್ಪ ದುಡ್ಡನ್ನು ಮುಟ್ಟದೆ ಹೋದ. ಅಂದಿನಿಂದ ಈ ಮನೆಯ ಹೊಸ್ತಿಲು ತುಳಿದಿಲ್ಲ. ಇನ್ಯಾರದೋ ವ್ಯಾನ್ ಓಡಿಸುತ್ತಾನೆ. ದಾರಿಯಲ್ಲಿ ಸಿಕ್ಕರೆ ಅವಳನ್ನು ನೋಡಿ ಹಾರ್ನ್ ಹೊಡೆಯುತ್ತಾನೆ, ನಿಲ್ಲಿಸುವುದಿಲ್ಲ.

ಅವಳು ಕಾಗದವನ್ನು ಕೆಲವು ದಿನ ಚೀಲದಲ್ಲೇ ಇಟ್ಟುಕೊಂಡು ಓಡಾಡಿದಳು. ಹೇಳಬೇಕಾದ ಮಾತುಗಳನ್ನು ಮೇಜಿನ ಮುಂದೆ ಕುಳಿತು ಮನಸ್ಸಿನಲ್ಲೇ ಜೋಡಿಸಿದಳು. ಜೋಡಿಸಿದಷ್ಟು ಸಲವೂ ಅವು ಚಿಕ್ಕಪ್ಪನ ಮಾತುಗಳೇ ಆಗುತ್ತಿದ್ದವು. ಕೊನೆಗೆ ಒಂದು ಬೆಳಿಗ್ಗೆ, ಅಪ್ಪ ಒಂದು ಪ್ರಯಾಣದ ಚೀಲವನ್ನು ಒಳಮೈ ಹೊರಗೆ ಮಾಡಿ ಹೊಲಿಗೆ ಬಿಚ್ಚುತ್ತಿದ್ದಾಗ, ಕಾಗದವನ್ನು ಯಂತ್ರದ ಮೇಲಿಟ್ಟಳು.

"ಡಿಪಾಸಿಟ್‌ದು ಅಪ್ಪ. ಬ್ಯಾಂಕಿನವರು ನಿನ್ನ ರುಜು ಕೇಳಿದಾರೆ."

"ಯಾಕಂತೆ?"

"ಹೊಸ ನಿಯಮ ಅಂತೆ."

ವಿದ್ಯುತ್ ಬಿಲ್ಲನ್ನೂ ಎರಡು ಸಲ ಓದುವ ಅಪ್ಪ. ಅವನು ಕಾಗದವನ್ನು ಬೆಳಕಿಗೆ ಹಿಡಿದ. ಕನ್ನಡಕ ಒಳಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಬಂದು ನಿಂತಳು. ಅವಳ ಕಣ್ಣು ಕಾಗದದ ಮೇಲೆ ಹೋಗಿ, ಅಲ್ಲಿಂದ ಮಗಳ ಮುಖಕ್ಕೆ ಬಂದು ನಿಂತಿತು.

"ಕನ್ನಡಕ ತರ್ಲಾ?" ಎಂದಳು ಅಮ್ಮ.

ಅಪ್ಪ ಮಗಳ ಕಡೆ ನೋಡಿದ. "ಬೇಡ ಬಿಡೆ. ಪುಟ್ಟಿ ಓದಿರ್ತಾಳೆ," ಎಂದ. ಬೆರಳುಗಳಿಗೆ ಹತ್ತಿದ್ದ ಗೋಂದನ್ನು ಬಟ್ಟೆಗೆ ಒರೆಸಿಕೊಂಡು, "ಎಲ್ಲಿ?" ಎಂದು ಕೇಳಿದ. ಅವಳು ಬೆರಳಿಟ್ಟು ತೋರಿಸಿದಳು. ಅಪ್ಪನ ರುಜು ನಿಧಾನ. ಒಂದೊಂದು ಅಕ್ಷರವನ್ನೂ ಹೊಲಿಗೆ ಹಾಕಿದ ಹಾಗೆ ಬಿಗಿದು ಬರೆಯುತ್ತಿದ್ದ, ಕೊನೆಯಲ್ಲಿ ಒಂದು ಗೆರೆ ಎಳೆದು ಅದನ್ನು ಗಂಟು ಹಾಕುತ್ತಿದ್ದ. ಬರೆದು ಮುಗಿಸಿ ಶಾಯಿ ಒಣಗಲೆಂದು ಬಾಯಿಂದ ಊದಿ ಕೊಟ್ಟ.

ಅಮ್ಮ ಏನೂ ಕೇಳಲಿಲ್ಲ. ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಕಾರ್ಡು ಲ್ಯಾಬಿನ ವಿಳಾಸಕ್ಕೆ ಬಂತು. ಮೇಷ್ಟ್ರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ, "ಇಷ್ಟೇನಾ? ನಮ್ಮ ಬಣ್ಣದ ಪಟ್ಟಿಗಿಂತ ತೆಳ್ಳಗಿದೆಯಲ್ಲೇ," ಎಂದರು. ಅವಳು ಅದನ್ನು ಮೇಜಿನ ಖಾನೆಯಲ್ಲಿ, ಹಲ್ಲಿನ ಬಣ್ಣ ಹೊಂದಿಸುವ ಪಟ್ಟಿಯ ಕೆಳಗೆ ಇಟ್ಟಳು. ಮನೆಗೆ ಎಂದೂ ಒಯ್ಯಲಿಲ್ಲ. ಪ್ಲಾಸ್ಟರಿನ ಚೀಲಕ್ಕೆ, ಮೇಣಕ್ಕೆ, ಬಸ್ಸಿನ ಪಾಸಿಗೆ ಅದನ್ನು ಉಜ್ಜುತ್ತಿದ್ದಳು. ಕೈಯಲ್ಲಿ ಹಣವಿದ್ದರೂ ಮೊದಲು ಸಾಲ ಮಾಡಿ, ಬಿಲ್ಲಿಗೆ ಕಾದು, ಬಂದ ಕೂಡಲೇ ಕಟ್ಟುತ್ತಿದ್ದಳು. ಹಸಿವಿಲ್ಲದವರು ಉಣ್ಣುವ ಊಟದ ಹಾಗಿತ್ತು ಅದು. ಮೊದಲ ಸಲ ಕಾರ್ಡು ಕೊಟ್ಟಾಗ ಅಂಗಡಿಯವನು ಮುಖ ನೋಡದೆ ಯಂತ್ರಕ್ಕೆ ಹಾಕಿದ್ದ. ಇವಳು ಮಾತ್ರ ಕದ್ದವಳಂತೆ ಬಾಗಿಲ ಕಡೆ ನೋಡಿದ್ದಳು.

"ಬಂದಳಪ್ಪ ಸಾಲಗಾರ್ತಿ," ಎಂದು ಮೇಷ್ಟ್ರು ಬೆಳಿಗ್ಗೆ ಬೆಳಿಗ್ಗೆ ರೇಗಿಸುತ್ತಿದ್ದರು. "ಎಷ್ಟಾಯ್ತು ನಿನ್ನ ಮಾರ್ಕು?"

ಮಾರ್ಕು ಏರುತ್ತಿತ್ತು. ಅಡ್ಡಗೆರೆಯಿದ್ದ ಜಾಗದಲ್ಲಿ ಒಂದು ದಿನ ಅಂಕಿ ಮೂಡಿತು. ಅದು ದೊಡ್ಡದಾಗುತ್ತ ಹೋಯಿತು. ಕುಲುಮೆಯ ಕಂಪನಿಯವನು ಬಂದು ಗೋಡೆಯ ಅಳತೆ ತೆಗೆದುಕೊಂಡು ಹೋದ.

ಆ ದಿನಗಳಲ್ಲೇ ಅಪ್ಪನ ಮೇಲಿನ ಹಲ್ಲುಗಳು ಕೈಕೊಟ್ಟವು. ಜೀವಮಾನವಿಡೀ ಹಲ್ಲಿನಲ್ಲೇ ದಾರ ಕಡಿದವನು. ಮುಂದಿನ ಎರಡು ಹಲ್ಲುಗಳ ನಡುವೆ ದಾರದ್ದೇ ಒಂದು ಕಚ್ಚು ಬಿದ್ದಿತ್ತು. ವೈದ್ಯೆ ಅಲುಗಾಡುವುದನ್ನೆಲ್ಲ ಕಿತ್ತು, ಒಸಡು ಮಾಗಿದ ಮೇಲೆ ಸೆಟ್ಟು ಹಾಕೋಣ ಎಂದಳು. "ಹಲ್ಲಿದ್ದಾಗ ಕಡಲೆ ಇರಲಿಲ್ಲ," ಎಂದು ಅಪ್ಪ ತುಟಿ ಒಳಗೆಳೆದುಕೊಂಡು ನಕ್ಕ. "ಈಗ ಮಗಳೇ ಹಲ್ಲು ಮಾಡ್ತಾಳೆ. ಆದರೆ ಪುಟ್ಟಿ, ಪುಕ್ಕಟೆ ಬೇಡ. ಗಿರಾಕಿ ಅಂದ್ರೆ ಗಿರಾಕಿ."

"ಹೋಗಪ್ಪ, ನಿನ್ನ ಹತ್ರ ಯಾರು ದುಡ್ಡು ತಗೊಳ್ತಾರೆ," ಎಂದಿದ್ದಳು. ಹೊಸ ಹಲ್ಲಿನಲ್ಲೂ ಆ ದಾರದ ಕಚ್ಚನ್ನು ಅರದಿಂದ ತೀಡಿ ಮೂಡಿಸಬೇಕೆಂದು ಅವಳು ಅಂದುಕೊಂಡಿದ್ದಳು. ಮೇಷ್ಟ್ರಿಗೂ ಹೇಳಿದ್ದಳು. ಲ್ಯಾಬ್ ತನ್ನದಾದ ಮೇಲೆ ಮಾಡುವ ಮೊದಲ ಸೆಟ್ಟು ಅದೇ ಆಗಬೇಕು ಎಂದೂ.

ಕಾರ್ಡಿಗೆ ವರ್ಷ ತುಂಬುವ ಮೊದಲೇ ಡಿಪಾಸಿಟ್ಟಿನ ಅವಧಿ ಮುಗಿಯಿತು. ಅದು ತಾನಾಗಿಯೇ ಮುಂದುವರಿಯುತ್ತದೆಂದು ಅವಳು ತಿಳಿದಿದ್ದಳು. ಟೈ ಕಟ್ಟಿದ ಹುಡುಗ, ಹೆಚ್ಚಿನ ಬಡ್ಡಿಯ ಹೊಸ ಯೋಜನೆಯೊಂದನ್ನು ತಿಳಿಸಲು, ಮೊದಲ ಹೆಸರಿನವರಿಗೆ ಫೋನ್ ಮಾಡಿದ. ಒಳ್ಳೆಯ ಮಾತೂ ಸೇರಿರಲಿ ಎಂದು, "ನಿಮ್ಮ ಮಗಳು ಸಾಲವನ್ನ ಎಷ್ಟು ಚೆನ್ನಾಗಿ ತೀರಿಸ್ತಿದಾರೆ ಸರ್," ಎಂದನಂತೆ.

ಸಂಜೆ ಅವಳು ಮನೆಗೆ ಬಂದಾಗ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲೇ, ಯಂತ್ರದ ಮುಂದಲ್ಲ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕುಳಿತಿದ್ದ. ಮೇಜಿನ ಮೇಲೆ ದಪ್ಪ ಲಕೋಟೆ.

"ಎಣಿಸ್ಕೋ," ಎಂದ.

"ಏನಪ್ಪ ಇದು?"

"ನಿನ್ನ ಡಿಪಾಸಿಟ್ಟು. ಮುರಿಸಿ ತಂದೆ. ಕಾರ್ಡಿನ ಬಾಕಿ ಅಂತ ಅವರು ಹಿಡ್ಕೊಂಡಿದ್ದನ್ನ ನಾನು ಕೈಯಿಂದ ತುಂಬಿದೀನಿ. ಬಿಡಿಗಾಸು ಕಮ್ಮಿ ಇಲ್ಲ. ಕಾರ್ಡು ಮುಚ್ಚಾಯ್ತು."

"ಅಪ್ಪ, ಏನು ಮಾಡಿಬಿಟ್ಟೆ?"

"ನೀನು ಮಾಡಿದ್ದನ್ನ ಸರಿ ಮಾಡಿದೆ."

"ಅದು ಸಾಲ ಅಲ್ಲಪ್ಪ."

"ಸಾಲ ಅಲ್ದಿದ್ರೆ ಬಾಕಿ ಯಾಕಿತ್ತು?"

"ತಿಂಗಳು ತಿಂಗಳು ಕಟ್ತಾ ಇದ್ದೆ. ಒಂದು ತಿಂಗಳೂ ತಪ್ಪಿಲ್ಲ."

"ನಮ್ಮಪ್ಪನ ಸ್ನೇಹಿತನೂ ತಿಂಗಳು ತಿಂಗಳು ಕಟ್ತಿದ್ದ. ಕಟ್ಟೋಕೆ ಆಗದ ತಿಂಗಳು ಬರೋವರೆಗೂ." ಹಲ್ಲಿಲ್ಲದ ಬಾಯಲ್ಲಿ ಮಾತುಗಳು ಗಾಳಿಯಾಗಿ ಹೊರಡುತ್ತಿದ್ದವು. ಅಪ್ಪ ಕೈಯಿಂದ ಬಾಯಿ ಮುಚ್ಚಿಕೊಂಡು ಮತ್ತೆ ತೆಗೆದ. "ಸಾಲದ ಮಾತು ಹಾಗಿರ್ಲಿ. ನನ್ನ ತಮ್ಮ ಈ ಬಾಗಿಲಲ್ಲಿ ನಿಂತ್ಕೊಂಡು, ನನ್ನ ಕಣ್ಣು ನೋಡಿ ಕೇಳ್ದ. ಅವನಿಗೆ ಹಾಕದ ರುಜು ಅದು. ನೀನು ಕೇಳಲೂ ಇಲ್ಲ. ಹೊಸ ನಿಯಮ ಅಂದೆ. ನಾನು ಊದಿ ಕೊಟ್ಟೆ."

"ಕೇಳಿದ್ರೆ ಹಾಕ್ತಿದ್ದೆಯಾ?"

ಒಳಗೆ ನಲ್ಲಿಯ ಸದ್ದು ನಿಂತಿತು. ಅವಳು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು: ಮೇಷ್ಟ್ರು, ಕುಲುಮೆ, ಗೋಡೆಯ ಅಳತೆ, ಇನ್ನೇನು ತುಂಬಲಿದ್ದ ವರ್ಷ. ಅಪ್ಪ ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೆ ಸಣ್ಣಗಾದ.

"ಲ್ಯಾಬು ನಿನಗೆ ಕೊಡ್ತೀನಿ ಅಂದಿದ್ರಾ?" ಎಂದ ಕೊನೆಗೆ. "ನನಗೊಂದು ಮಾತು ಹೇಳಬಾರದಿತ್ತಾ ಪುಟ್ಟಿ? ಈ ಅಂಗಡಿ ಮಾರಿ ಕೊಡ್ತಿದ್ದೆ."

"ಅಂಗಡಿ ಮಾರಿದ್ರೆ ಆ ಕುಲುಮೆಯ ಕಾಲೂ ಬರಲ್ಲಪ್ಪ. ನಿನ್ನ ದುಡ್ಡು ಯಾರಿಗೂ ಬೇಕಾಗಿರಲಿಲ್ಲ. ಚಿಕ್ಕಪ್ಪನಿಗೂ ಬೇಕಾಗಿರಲಿಲ್ಲ. ಒಂದು ಗೀಟು ಎಳೆದಿದ್ರೆ ಅವನು ಇವತ್ತು ಕಂಡವರ ವ್ಯಾನು ಓಡಿಸ್ತಿರಲಿಲ್ಲ."

"ಸಾಕು," ಎಂದಳು ಅಮ್ಮ ಬಾಗಿಲಿನಿಂದ. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. ಲಕೋಟೆ ಆ ರಾತ್ರಿ ಮೇಜಿನ ಮೇಲೆಯೇ ಇತ್ತು. ಮರುದಿನವೂ ಇತ್ತು. ಜಿಪ್ಪುಗಳ ಡಬ್ಬಿಯನ್ನು ಎಳೆದುಕೊಳ್ಳುವಾಗೆಲ್ಲ ಅಪ್ಪ ಅದನ್ನು ಸರಿಸಿ, ಮತ್ತೆ ಇದ್ದಲ್ಲಿಗೇ ಇಡುತ್ತಿದ್ದ.

ಅವಳು ಬ್ಯಾಂಕಿಗೆ ಹೋದದ್ದು ಆ ವಾರದ ಕೊನೆಗೆ. ಟೈ ಕಟ್ಟಿದ ಹುಡುಗ ಅವಳನ್ನು ಕಂಡು ಎದ್ದೇ ನಿಂತ.

"ನಾನೇನು ಮಾಡ್ಲಿ ಮೇಡಂ, ಮೊದಲ ಹೆಸರು ಅವರದು. ಡಿಪಾಸಿಟ್ ಹೋದ್ರೆ ಕಾರ್ಡೂ ಹೋಗುತ್ತೆ ಸರ್ ಅಂತ ಹೇಳ್ದೆ. ಹೋಗ್ಲಿ ಅಂದ್ರು."

"ಮತ್ತೆ ಮಾಡಿಸೋಕಾಗಲ್ವಾ?"

"ಆಗುತ್ತೆ. ಹೊಸ ಡಿಪಾಸಿಟ್, ಹೊಸ ಕಾರ್ಡ್. ಕಂಪನಿಯವರು ನಡೆಯುತ್ತಿರೋ ಕಾರ್ಡಿನ ಒಂದು ವರ್ಷ ಕೇಳ್ತಾರಲ್ಲ, ಅದು ಮೊದಲಿಂದ ಶುರು." ಅವನು ಟೈ ಮುಟ್ಟಿಕೊಂಡ. ಆಮೇಲೆ ದನಿ ತಗ್ಗಿಸಿ, "ನಿಮ್ಮ ತಂದೆಯವರು ನಿನ್ನೆ ಮತ್ತೆ ಬಂದಿದ್ರು. ನಿಮಗೆ ಹೇಳಿರ್ಬೇಕಲ್ಲ?" ಎಂದ.

ಅವಳು ಪರದೆಗೆ ಇನ್ನಷ್ಟು ಹತ್ತಿರ ಸರಿದಳು.

"ಕುಲುಮೆಯ ಸಾಲಕ್ಕೆ ತಾವೇ ಜಾಮೀನು ಹಾಕ್ತೀನಿ ಅಂದ್ರು. ಎಲ್ಲಿ ರುಜು ಹಾಕಬೇಕು ತೋರಿಸಿ ಅಂತ ಪೆನ್ನು ತೆಗೆದ್ರು, ಕನ್ನಡಕ ಹಾಕ್ಕೊಂಡ್ರು. ತಡೀರಿ ಸರ್ ಅಂತ ಅವರ ಹೆಸರು ಹೊಡೆದು ನೋಡಿದೆ." ಹುಡುಗ ಪರದೆಯ ಕಡೆ ನೋಡಿದ. ಅಪ್ಪನ ಹೆಸರು ಈಗಲೂ ಅಲ್ಲೇ ಇರುವ ಹಾಗೆ. "ಅಡ್ಡಗೆರೆ. ನಿಮ್ಮ ರುಜು ಇಲ್ಲಿ ನಡೆಯಲ್ಲ ಸರ್ ಅಂತ ಹೇಳ್ಬೇಕಾಯ್ತು. ಇಷ್ಟು ವಯಸ್ಸಾಗಿದೆ, ಯಾರಿಗೂ ಒಂದು ಕಾಸು ಬಾಕಿ ಇಟ್ಟಿಲ್ಲ, ನನ್ನ ಬಗ್ಗೆ ಈ ಬೀದೀಲಿ ಯಾರನ್ನ ಬೇಕಾದ್ರೂ ಕೇಳು ಅಂದ್ರು. ನಾವು ಬೀದೀಲಿ ಕೇಳಲ್ವಲ್ಲ ಮೇಡಂ."

"ಆಮೇಲೆ?"

"ಆಮೇಲೇನಿಲ್ಲ. ಆ ಗೆರೆ ನೋಡ್ತಾ ತುಂಬಾ ಹೊತ್ತು ಕೂತಿದ್ರು. ಹಿಂದೆ ಸಾಲು ಬೆಳೀತಿತ್ತು, ನನಗೂ ಎಬ್ಬಿಸೋಕೆ ಮನಸ್ಸಾಗಲಿಲ್ಲ."

ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ರಸ್ತೆಯಾಚೆ ವ್ಯಾನುಗಳು ಸರಕು ಇಳಿಸುತ್ತಿದ್ದವು. ಮನೆಗೆ ಹೋಗಿ ಅಪ್ಪನಿಗೆ ಏನಾದರೂ ಹೇಳಬೇಕು ಎನ್ನಿಸಿತು. ಏನು ಎಂದು ತಿಳಿಯಲಿಲ್ಲ. ಮನೆ ಮುಟ್ಟುವ ಹೊತ್ತಿಗೆ ಹಾಗೆ ಅನ್ನಿಸಿದ್ದೂ ಹೋಗಿತ್ತು. ಅಪ್ಪ ಯಂತ್ರ ತುಳಿಯುತ್ತಿದ್ದ. ತಾನು ಬ್ಯಾಂಕಿಗೆ ಹೋಗಿದ್ದನ್ನು ಅವನು ಹೇಳಲಿಲ್ಲ. ತನಗೆ ಗೊತ್ತೆಂದು ಅವಳೂ ಹೇಳಲಿಲ್ಲ.

ಮೇಷ್ಟ್ರಿಗೆ ಇನ್ನೊಂದು ವರ್ಷ ಕಾಯುವ ಕೈ ಇರಲಿಲ್ಲ. ಲ್ಯಾಬನ್ನು ಹಲವು ಕಡೆ ಅಂಥದೇ ಲ್ಯಾಬುಗಳಿದ್ದ ಒಂದು ಕಂಪನಿ ಕೊಂಡಿತು. ಅವರು ಗೋಡೆಗೆ ಬಿಳಿ ಬಣ್ಣ ಹೊಡೆಸಿದರು, ಹಳೆಯ ದವಡೆಗಳನ್ನೆಲ್ಲ ಚೀಲಗಳಲ್ಲಿ ತುಂಬಿ ಹೊರಗೆ ಹಾಕಿಸಿದರು, ಅವಳು ಅಳತೆಗೆ ಬಂದವನಿಗೆ ತೋರಿಸಿದ್ದ ಜಾಗದಲ್ಲೇ ಹೊಸ ಕುಲುಮೆ ಇಟ್ಟರು. ಬಾಗಿಲ ಬಳಿ ಒಂದು ಕೌಂಟರು ಬಂತು. ಅವಳ ಕೊರಳಿಗೆ ಫೋಟೋ ಇದ್ದ ಬಿಲ್ಲೆ ಬಂತು. ಹೊರಡುವ ದಿನ ಮೇಷ್ಟ್ರು ಅವಳ ತಲೆ ಮುಟ್ಟಲು ಕೈ ಎತ್ತಿದರು. ಅದು ನಡುಗುತ್ತಿದ್ದುದರಿಂದ ಜೇಬಿಗೆ ಇಳಿಸಿಕೊಂಡರು.

ಅಪ್ಪನ ಒಸಡು ಮಾಗಿತ್ತು. ವೈದ್ಯೆ ಅಳತೆ ತೆಗೆದು ಕಳಿಸಿದಳು. ಉಳಿದ ಕೆಲಸಗಳ ನಡುವೆ ಅದಕ್ಕೂ ಒಂದು ಸಂಖ್ಯೆ ಬಿತ್ತು. ಅವಳು ಮೇಣದಲ್ಲಿ ಹಲ್ಲುಗಳನ್ನು ಕೂರಿಸಿದಳು, ಕಾಯಿಸಿದಳು, ಉಜ್ಜಿದಳು. ಕೊನೆಗೆ ಮುಂದಿನ ಎರಡು ಹಲ್ಲುಗಳ ನಡುವೆ ಕಚ್ಚು ಮೂಡಿಸಲು ಸಣ್ಣ ಅರವನ್ನು ಕೈಗೆತ್ತಿಕೊಂಡಳು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಹಾಗೇ ಕೆಳಗಿಟ್ಟಳು. ಸೆಟ್ಟು ಚೆನ್ನಾಗಿಯೇ ಬಂದಿತ್ತು. ಯಾರ ಬಾಯಿಯದೆಂದು ಹೇಳಲಾಗದಷ್ಟು ಸಮನಾಗಿ.

ಅಪ್ಪ ಇಸ್ತ್ರಿಯ ಅಂಗಿ ತೊಟ್ಟು ಬಂದ. ವೈದ್ಯೆಯ ಕುರ್ಚಿಯಲ್ಲಿ ಕೈಗಳನ್ನು ತೊಡೆಯ ಮೇಲೆ ಜೋಡಿಸಿ ಕುಳಿತ.

"ಬಾಯಿ ತೆಗೀರಿ," ಎಂದಳು ಮಗಳು. ಸೆಟ್ಟು ಕೂರಿಸಿದಳು. "ಕಚ್ಚಿ. ಇನ್ನೊಂದು ಸಲ. ಎಲ್ಲಾದ್ರೂ ಒತ್ತುತ್ತಾ?"

ಅಪ್ಪ ಇಲ್ಲವೆಂದು ತಲೆಯಾಡಿಸಿದ. ಅವಳು ಕನ್ನಡಿ ಕೊಟ್ಟಳು. ಅವನು ಅದರಲ್ಲಿ ತನ್ನನ್ನು ನೋಡಿಕೊಂಡ. ನಾಲಿಗೆಯ ತುದಿ ಮುಂದಿನ ಹಲ್ಲುಗಳ ನಡುವೆ ಏನನ್ನೋ ಹುಡುಕಿ, ನುಣುಪನ್ನು ಮುಟ್ಟಿ ನಿಂತಿತು. ಕನ್ನಡಿಯನ್ನು ಮಡಿಲಿಗೆ ಇಳಿಸಿದ.

"ಚೆನ್ನಾಗಿದೆ," ಎಂದ. ಹೊಸ ಹಲ್ಲುಗಳಲ್ಲಿ ಮಾತು ಟಕ್ಕೆಂದು ಬಡಿಯಿತು. "ಎಷ್ಟಾಯ್ತು?"

ಅವಳು ಕೌಂಟರಿನ ಹಿಂದೆ ಹೋಗಿ ರಸೀದಿ ಹರಿದು ಇಟ್ಟಳು. ಅಪ್ಪ ಅದನ್ನು ಓದಲಿಲ್ಲ. ಅಂಗಿಯ ಒಳಜೇಬಿನಿಂದ ನೋಟುಗಳನ್ನು ತೆಗೆದು ಒಂದೊಂದಾಗಿ ಹಾಸಿದ. ಸ್ವಲ್ಪ ಹೆಚ್ಚಾಗಿತ್ತು. ಅವಳು ಖಾನೆ ಎಳೆದಳು. ಅದರಲ್ಲಿ ನೋಟುಗಳಿದ್ದವು, ನಾಣ್ಯಗಳಿರಲಿಲ್ಲ.

"ಇರ್ಲಿ ಬಿಡು ಪುಟ್ಟಿ," ಎಂದ ಅಪ್ಪ. ಕೌಂಟರಿನ ಅಂಚನ್ನು ಹಿಡಿದುಕೊಂಡಿದ್ದ. "ಚಿಲ್ಲರೆ ಇಲ್ದಿದ್ರೆ ಪರವಾಗಿಲ್ಲ. ಬಾಕಿ ಇರ್ಲಿ. ಯಾವಾಗಾದ್ರೂ ಕೊಡು."

ಅವಳು ತಲೆ ಎತ್ತಿ ನೋಡಿದಳು. ಅಪ್ಪ ನಗಲು ನೋಡುತ್ತಿದ್ದ. ತುಟಿಗಳಿಗೆ ಹೊಸ ಹಲ್ಲಿನ ಅಭ್ಯಾಸವಾಗಿರಲಿಲ್ಲ.

"ಒಂದು ನಿಮಿಷ," ಎಂದು ಅವಳು ಒಳಗೆ ಹೋದಳು. ಮೊಳೆಗೆ ತೂಗುಹಾಕಿದ್ದ ಚೀಲದ ಜಿಪ್ಪು ಎಳೆದು, ಅಡಿಯಲ್ಲಿ ಕೈಯಾಡಿಸಿ, ಬಸ್ಸಿಗೆಂದು ಇಟ್ಟಿದ್ದ ನಾಣ್ಯಗಳನ್ನು ಹೆಕ್ಕಿದಳು. ಹೊರಗೆ ಬಂದು ಕೌಂಟರಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು.

"ಸರಿ ಇದೆಯಾ ನೋಡ್ಕೊಳ್ಳಿ."

ಅಪ್ಪ ನಾಣ್ಯಗಳನ್ನು ಅಂಗೈಗೆ ಎಳೆದುಕೊಂಡ. ಎಣಿಸಲಿಲ್ಲ. ಹಿಂದೆ ನಿಂತಿದ್ದ ಗಿರಾಕಿಗೆ ದಾರಿ ಬಿಟ್ಟು ಬಾಗಿಲವರೆಗೆ ಹೋಗಿ, ತೆರೆದ ಅಂಗೈಯನ್ನು ನೋಡುತ್ತ ಅಲ್ಲೇ ನಿಂತ. ಅವನ ತುಟಿಗಳು ಹೊಸ ಹಲ್ಲುಗಳ ಮೇಲೆ ಮುಚ್ಚಲು ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದವು.